ಕೀಲಿಕೈ ಕೊಡುವ ಮುನ್ನ

ಕೋಟು ಬಿಚ್ಚಬೇಡ ಥಾಡಿಯಸ್,
ನೆಲಮಾಳಿಗೆಗೆ ಇಳಿಯುವುದಿದೆ.
ಈ ಕಾಫಿ ಡಬ್ಬಿಯಲ್ಲಿ ಹನ್ನೊಂದು ಕೀಲಿಕೈ.
ಎರಡು ಯಾವ ಬೀಗದವೋ ನನಗೇ ಗೊತ್ತಿಲ್ಲ.
ಎಸೆಯಬೇಡ,
ಎಸೆದ ಮರುದಿನವೇ ಆ ಬೀಗ ಸಿಗುತ್ತದೆ.

ಮಿಲ್ವಾಕಿಯ ಹಿಮದಲ್ಲಿ ಮೂವತ್ತೊಂದು ವರ್ಷ
ಶಾಲೆಯ ಬಸ್ಸು ಓಡಿಸಿ ಕೊಂಡದ್ದು ಎರಡೇ ಮನೆ,
ಒಂದೊಂದಕ್ಕೂ ಮೇಲೊಂದು ಕೆಳಗೊಂದು ಬಿಡಾರ.
ನಾಲ್ಕು ಒಲೆ, ನಾಲ್ಕು ಬಚ್ಚಲು,
ಮೆಟ್ಟಿಲಲ್ಲಿ ಬೆರೆಯುವ ನಾಲ್ಕು ಒಗ್ಗರಣೆ.
ಜನ ನನ್ನನ್ನು ಯಜಮಾನಿ ಅಂದಾಗೆಲ್ಲ
ಬ್ಯಾಂಕಿನವನು ಮೀಸೆಯಡಿ ನಗುತ್ತಿದ್ದ.

ಇಗೋ, ಕೆಂಪು ಬಣ್ಣ ಬಳಿದ ತಿರುಪು.
ಬೀದಿಯ ನೀರು ಒಳಗೆ ಬರುವುದು ಇಲ್ಲಿಂದ.
ಕಣ್ಣು ಮುಚ್ಚಿ ಮುಟ್ಟು. ಇನ್ನೊಮ್ಮೆ.
ಜನವರಿಯ ರಾತ್ರಿ ಎರಡಕ್ಕೆ ಕೊಳವೆ ಒಡೆದಾಗ
ದೀಪವೂ ಇರುವುದಿಲ್ಲ, ಪ್ಲಂಬರ್ ಫೋನೂ ಎತ್ತುವುದಿಲ್ಲ.
ಕೈಗೆ ದಾರಿ ಗೊತ್ತಿರಬೇಕು.

ಮೇಲಿನ ಬಿಡಾರದಲ್ಲಿ ಆರ್ವಿಲ್ ಸ್ಟೆಂಗಲ್ ಇದ್ದ.
ಒಂಬತ್ತು ವರ್ಷ, ಒಂದನೇ ತಾರೀಕು ತಪ್ಪದೆ
ಬಾಗಿಲ ಸಂದಿಯಲ್ಲಿ ಲಕೋಟೆ.
ದೂರಿಲ್ಲ, ಸದ್ದಿಲ್ಲ. ನಾನೂ ಒಳಗೆ ಹೋಗಲಿಲ್ಲ.
ಬಂಗಾರದಂಥ ಮನುಷ್ಯ, ಅಂದೆ ಊರಿಗೆಲ್ಲ.
ಅವನು ಖಾಲಿ ಮಾಡಿದ ದಿನ ಸಿಂಕಿನಡಿ
ತೊಲೆಗೆ ಬೆರಳೊತ್ತಿದೆ,
ನೆನೆದ ಸೋಪಿನಂತೆ ಒಳಗಿಳಿಯಿತು.
ಹನಿಗೂಡಿದರೆ ಹಳ್ಳ ಅನ್ನುವುದು
ಉಳಿತಾಯದ ಮಾತು ಮಾತ್ರವಲ್ಲ ಕಣೋ.
'ಬೋಗುಣಿ ಇಟ್ಟಿದ್ದೆ, ದಿನಾ ರಾತ್ರಿ ಚೆಲ್ಲುತ್ತಿದ್ದೆ.
ಹೇಳಿದರೆ ಬಾಡಿಗೆ ಏರಿಸುತ್ತೀರೇನೋ ಅಂತ...'
ಏಳು ಸಾವಿರ ಡಾಲರು. ಅವನ ಭಯದ ಬೆಲೆ, ಅಂದ ಬಡಗಿ.
ಅಲ್ಲ, ನನ್ನ ಮುಖದ ಬೆಲೆ.

ಇರಾಯ್ದಾ ಬೇರೆ ತರಹ.
ಒಂಬತ್ತಕ್ಕೆ ನಲವತ್ತು, ಹದಿನಾಲ್ಕಕ್ಕೆ ನೂರು,
ಉಳಿದದ್ದು ನನ್ನ ತಾಳ್ಮೆ ಮುಗಿಯುವ ದಿನಕ್ಕೆ.
ಆದರೆ ಗೋಡೆ ಬೆವರಿದರೂ ಫೋನು,
ಬಾಯ್ಲರ್ ಕೆಮ್ಮಿದರೂ ಫೋನು.
ಅವಳ ಕಿವಿಯಿಂದ ಆ ಮನೆ ಎರಡು ಸಲ ಉಳಿಯಿತು.
ಅವಳಿಗೆ ಬರೆದ ನೋಟೀಸು ಡ್ರಾಯರಿನಲ್ಲಿ ಹಾಗೇ ಇದೆ.
ಸಹಿ ಹಾಕಿಲ್ಲ.

ಅದನ್ನೇ ಪಾಠ ಅಂದುಕೊಂಡೀಯ ಮತ್ತೆ.
ಕರ್ಬಿ ಡನ್ನಿಗನಿಗೂ ಹೀಗೇ ಕಾದೆ, ಐದು ತಿಂಗಳು.
ಅವನ ಕಣ್ಣೀರು ನಿಜ. ಬಾಡಿಗೆ ಬಾರದ್ದೂ ನಿಜ.
ಅಷ್ಟರಲ್ಲಿ ತೆರಿಗೆ ಬಂತು, ವಿಮೆ ಬಂತು.
ಕೋರ್ಟಿನ ಮೊಗಸಾಲೆಯಲ್ಲಿ ಅವನ ಮಗಳು,
ನನ್ನ ಬಸ್ಸಿನ ಮೂರನೇ ಸೀಟಿನ ಹುಡುಗಿ,
'ಮಿಸ್ ಬರ್ನಿ!' ಅಂತ ಕೈ ಬೀಸಿದಳು.
ಗೆದ್ದೆ.
ಸೋಮವಾರ ಆ ಸೀಟು ಖಾಲಿ ಇತ್ತು.
ಇದಕ್ಕೆ ನನ್ನಲ್ಲಿ ಬುದ್ಧಿಮಾತಿಲ್ಲ.
ಎರಡನೇ ತಿಂಗಳಲ್ಲೇ ಕೂತು ಮಾತಾಡಬೇಕಿತ್ತು,
ಅಷ್ಟೇ ಗೊತ್ತು.

ಮುಂಗಡ ಹಣ ಬೇರೆ ಖಾತೆಯಲ್ಲಿರಲಿ.
ಅದು ನಿನ್ನ ಬಳಿ ಮಲಗಿರುವ ಪರರ ದುಡ್ಡು,
ಎಬ್ಬಿಸಬೇಡ.
ಬರುವ ದಿನ, ಹೋಗುವ ದಿನ, ಮೂಲೆಮೂಲೆಯ ಫೋಟೋ ತೆಗೆ;
ನೆನಪು ಯಾವಾಗಲೂ ತನ್ನ ಕಡೆಗೇ ಸಾಕ್ಷಿ ಹೇಳುತ್ತದೆ.
ಬಾಗಿಲು ತಟ್ಟು, ಕಾಯಿ.
ಕಟ್ಟಡ ನಿನ್ನದು, ಒಳಗೆ ಕುದಿಯುತ್ತಿರುವ ಸಾರು ಅವರದು.

ಲಾಭವೇ?
ಒಳ್ಳೆಯ ವರ್ಷ ಒಂದು ಛಾವಣಿಯಷ್ಟು.
ಮರುವರ್ಷ ಛಾವಣಿಯೇ ಹೋಗುತ್ತದೆ.

ಸರಿ, ಪತ್ರಕ್ಕೆ ಸಹಿಯಾಯಿತು, ಡಬ್ಬಿ ನಿನ್ನದು.
ಒಂದು ಕೀಲಿಕೈ ವಾಪಸು ಕೊಡು, ಕೆಳಮನೆಯದು.
ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ,
ಒಂದನೇ ತಾರೀಕು ಲಕೋಟೆ ಕೊಡುತ್ತೇನೆ.

ಮತ್ತೆ, ಥಾಡಿಯಸ್,
ನನ್ನ ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆ.
ಬೋಗುಣಿ ಇಟ್ಟಿಲ್ಲ.
ಬರೆದುಕೋ. ತಾರೀಕು ಹಾಕು.